ಮಗುವಿನ ಮೊದಲ ವಿಕಾಸ ತಪಾಸಣೆ: ತಂದೆತಾಯಿಗಳ ಸಿದ್ಧತೆ

ಮಗು ಹುಟ್ಟಿದ ಮನೆಗೆ ಬಂದವರು ಮೊದಲು ಕೇಳುವ ಪ್ರಶ್ನೆ ತೂಕದ್ದು. ಎಷ್ಟು ಕಿಲೋ ಇದೆ, ಹಾಲು ಚೆನ್ನಾಗಿ ಕುಡಿಯುತ್ತದೆಯೇ ಎಂದು ಕೇಳುತ್ತಾರೆ. ತೂಕ ಮತ್ತು ಉದ್ದ ಹೆಚ್ಚುವುದನ್ನು ಬೆಳವಣಿಗೆ ಎನ್ನುತ್ತೇವೆ. ಆದರೆ ಮಗು ಕತ್ತು ನಿಲ್ಲಿಸುವುದು, ಮುಖ ನೋಡಿ ನಗುವುದು, ಕರೆದಾಗ ತಿರುಗುವುದು, ಕುಳಿತುಕೊಳ್ಳುವುದು, ಬೆರಳಿನಿಂದ ತೋರಿಸಿ ಕೇಳುವುದು, ಮಾತನಾಡುವುದು ಇವೆಲ್ಲ ವಿಕಾಸದ ಲಕ್ಷಣಗಳು. ಬೆಳವಣಿಗೆಯನ್ನು ತಕ್ಕಡಿ ಅಳೆಯಬಲ್ಲದು. ವಿಕಾಸವನ್ನು ತಿಳಿಯಲು ಮಗುವಿನೊಡನೆ ಹಗಲಿರುಳು ಇರುವವರ ಕಣ್ಣು ಬೇಕು.

ಈ ಕಾರಣದಿಂದಲೇ ಮಕ್ಕಳ ತಜ್ಞರ ಬಳಿ ನಡೆಯುವ ವಿಕಾಸ ತಪಾಸಣೆಯಲ್ಲಿ ತಂದೆತಾಯಿಗಳ ಪಾತ್ರ ದೊಡ್ಡದು. ವೈದ್ಯರು ಮಗುವನ್ನು ನೋಡುವುದು ಸ್ವಲ್ಪ ಹೊತ್ತು ಮಾತ್ರ. ಅಪರಿಚಿತ ಕೊಠಡಿಯಲ್ಲಿ ಮಗು ಅಳಬಹುದು, ಮೌನವಾಗಬಹುದು, ನಿದ್ದೆ ಹೋಗಬಹುದು. ಮನೆಯಲ್ಲಿ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಂದೆತಾಯಿಗಳೇ ಹೇಳಬೇಕು. ಸರಿಯಾಗಿ ಗಮನಿಸಿ ಬರೆದಿಟ್ಟುಕೊಂಡು ಹೋದವರ ತಪಾಸಣೆ ಅರ್ಧ ಮುಗಿದಂತೆಯೇ ಸರಿ.

ತಪಾಸಣೆ ಏಕೆ, ಯಾವಾಗ?

ಎಲ್ಲ ಮಕ್ಕಳೂ ಒಂದೇ ದಿನ ನಡೆಯಲು ಕಲಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕ ಎಂಬ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಮಾಹಿತಿಯ ಪ್ರಕಾರ, ಮಗು ಆಸರೆಯಿಲ್ಲದೆ ನಡೆಯುವ ವಯಸ್ಸು ಸುಮಾರು 8 ತಿಂಗಳಿನಿಂದ ಹದಿನೇಳೂವರೆ ತಿಂಗಳವರೆಗೆ ಹರಡಿದೆ. ಆದ್ದರಿಂದ ಪಕ್ಕದ ಮನೆಯ ಮಗು ಹತ್ತನೆಯ ತಿಂಗಳಿಗೆ ನಡೆಯಿತೆಂದು ಚಿಂತಿಸಬೇಕಾಗಿಲ್ಲ. ಆದರೆ ಈ ಹರವಿಗೂ ಒಂದು ಕೊನೆಯಿದೆ ಎಂಬುದನ್ನು ಮರೆಯಬಾರದು. ಆ ಕೊನೆ ದಾಟಿದ ಮೇಲೂ ‘ತಾನಾಗಿಯೇ ಸರಿಹೋಗುತ್ತದೆ’ ಎಂದು ಕಾಯುವುದು ಮಗುವಿನ ಅಮೂಲ್ಯ ಕಾಲವನ್ನು ಕಳೆದಂತೆ. ಜೀವನದ ಮೊದಲ ಮೂರು ವರ್ಷಗಳಲ್ಲಿ ಮೆದುಳು ಬೆಳೆಯುವಷ್ಟು ವೇಗವಾಗಿ ಮುಂದೆಂದೂ ಬೆಳೆಯುವುದಿಲ್ಲ. ನೆರವು ಆಗಲೇ ದೊರೆತರೆ ಫಲ ಹೆಚ್ಚು.

ಭಾರತೀಯ ಮಕ್ಕಳ ತಜ್ಞರ ಸಂಘವು 9ರಿಂದ 12 ತಿಂಗಳ ನಡುವೆ ಒಮ್ಮೆ, 18ರಿಂದ 24 ತಿಂಗಳ ನಡುವೆ ಒಮ್ಮೆ ಮತ್ತು ಶಾಲೆಗೆ ಸೇರುವ ವೇಳೆಗೆ ಒಮ್ಮೆ ಎಲ್ಲ ಮಕ್ಕಳ ವಿಕಾಸವನ್ನೂ ತಪಾಸಣೆ ಮಾಡಿಸಬೇಕೆಂದು ಸಲಹೆ ನೀಡಿದೆ. ಅವಧಿಗೆ ಮುಂಚೆ ಹುಟ್ಟಿದ, ತೀರ ಕಡಿಮೆ ತೂಕವಿದ್ದ, ಹುಟ್ಟಿದಾಗ ತಡವಾಗಿ ಅತ್ತ, ತೀವ್ರ ಕಾಮಾಲೆಯಾದ ಅಥವಾ ಫಿಟ್ಸ್ ಬಂದ ಮಕ್ಕಳಿಗೆ ಇದು ಇನ್ನೂ ಮುಂಚೆ ಆರಂಭವಾಗಬೇಕು.

ಅಂಬಡ್‌ನ ಒಂದು ಮನೆ

ವಿಷಯ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಮಹಾರಾಷ್ಟ್ರದಲ್ಲಿ ಅಂಬಡ್ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚು. ಒಂದು, ಮೊದಲು ಔರಂಗಾಬಾದ್ ಜಿಲ್ಲೆಯಲ್ಲಿದ್ದು 1981ರಿಂದ ಜಾಲ್ನಾ ಜಿಲ್ಲೆಗೆ ಸೇರಿದ ತಾಲ್ಲೂಕು ಕೇಂದ್ರ. ಇನ್ನೊಂದು, ನಾಸಿಕ್ ನಗರದ ಅಂಚಿನ ಕೈಗಾರಿಕಾ ಪ್ರದೇಶ. ನಮ್ಮ ಕುಟುಂಬ ಇರುವುದು ಈ ಎರಡನೆಯ ಅಂಬಡ್‌ನಲ್ಲಿ. ತಂದೆ ಉತ್ತರ ಕರ್ನಾಟಕದಿಂದ ಬಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಸೇರಿದವರು. ತಾಯಿಯೂ ದುಡಿಯುತ್ತಾರೆ. ಹಗಲಿನಲ್ಲಿ ಹತ್ತೊಂಬತ್ತು ತಿಂಗಳ ಮಗನನ್ನು ಅಜ್ಜಿಯೂ ಪಕ್ಕದ ಮನೆಯ ಮರಾಠಿ ಗೃಹಿಣಿಯೂ ನೋಡಿಕೊಳ್ಳುತ್ತಾರೆ.

ಹುಡುಗ ಹದಿಮೂರನೆಯ ತಿಂಗಳಿಗೇ ನಡೆದಿದ್ದಾನೆ. ನಗುತ್ತಾನೆ, ಆಡುತ್ತಾನೆ. ಮಾತು ಮಾತ್ರ ಕಡಿಮೆ. ಅಜ್ಜಿ ಹೇಳುವುದು: ಗಂಡುಮಕ್ಕಳಿಗೆ ಮಾತು ತಡ, ಇವನ ಅಪ್ಪನೂ ಹಾಗೆಯೇ ಇದ್ದ. ತಂದೆ ಹೇಳುವುದು: ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಮಗು ಗೊಂದಲಕ್ಕೆ ಬಿದ್ದಿದೆ. ಇನ್ನು ಕನ್ನಡ ಬಿಟ್ಟು ಮರಾಠಿಯಲ್ಲೇ ಮಾತನಾಡಿಸೋಣ. ತಾಯಿಗೆ ಮಾತ್ರ ಸಮಾಧಾನವಿಲ್ಲ. ಮಕ್ಕಳ ತಜ್ಞರಲ್ಲಿಗೆ ಹೋಗಲು ಒಂದು ವಾರದ ಬಳಿಕದ ದಿನ ಗೊತ್ತಾಗಿದೆ. ಈ ಒಂದು ವಾರದಲ್ಲಿ ಅವರು ಏನು ಮಾಡಬೇಕು?

ಹಲವು ಭಾಷೆಗಳ ಮನೆ

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಎರಡು ಮೂರು ಭಾಷೆ ಕೇಳುತ್ತ ಬೆಳೆಯುವುದು ಮಾತು ತಡವಾಗಲು ಕಾರಣವಲ್ಲ. ಬೀದರ್, ಬೆಳಗಾವಿ, ಕಾಸರಗೋಡು, ಸೊಲ್ಲಾಪುರಗಳಂತಹ ಪ್ರದೇಶಗಳಲ್ಲಿ ಎಷ್ಟೋ ತಲೆಮಾರುಗಳಿಂದ ಮಕ್ಕಳು ಹಾಗೆಯೇ ಬೆಳೆದಿದ್ದಾರೆ. ಆದ್ದರಿಂದ ಮನೆಯ ಭಾಷೆಯನ್ನು ಬಿಡುವ ಅಗತ್ಯವಿಲ್ಲ. ತಾಯಿ ಮತ್ತು ಅಜ್ಜಿ ತಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಹಾಡಿ, ಕಥೆ ಹೇಳಿ, ಮಾತನಾಡಿಸುವುದೇ ಮಗುವಿಗೆ ಹಿತ. ತಡವರಿಸುತ್ತ ಆಡುವ ಪರಭಾಷೆ ಅದರ ಸ್ಥಾನವನ್ನು ತುಂಬಲಾರದು.

ಆದರೆ ಇಂತಹ ಮನೆಗಳಲ್ಲಿ ಮಗುವಿನ ಮಾತುಗಳನ್ನು ಎಣಿಸುವಾಗ ಎಚ್ಚರ ಬೇಕು. ನಮ್ಮ ಹುಡುಗ ಕಿಟಕಿಯತ್ತ ಬೆರಳು ಮಾಡಿ ‘ಚಿಮಣಿ’ ಎನ್ನುತ್ತಾನೆ. ಅಜ್ಜಿಗೆ ಚಿಮಣಿ ಎಂದರೆ ಸೀಮೆಎಣ್ಣೆಯ ದೀಪ. ದೀಪವಿಲ್ಲದ ಕಡೆ ದೀಪ ಎನ್ನುತ್ತಾನೆಂದು ಅವರು ಅದನ್ನು ಮಾತೆಂದೇ ಎಣಿಸಲಿಲ್ಲ. ಆದರೆ ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಚ್ಚಿ. ಕಿಟಕಿಯಲ್ಲಿ ಕುಳಿತಿದ್ದುದು ಗುಬ್ಬಚ್ಚಿಯೇ! ಹಾಗೆಯೇ ಪಕ್ಕದ ಮನೆಯಲ್ಲಿ ಅವನು ‘ಪಾಣಿ’ ಎಂದು ನೀರು ಕೇಳುವುದು ಮನೆಯವರಿಗೆ ತಿಳಿದಿರಲಿಲ್ಲ. ಎಲ್ಲ ಭಾಷೆಗಳ ಮಾತುಗಳನ್ನೂ ಒಟ್ಟುಗೂಡಿಸಿಯೇ ಎಣಿಸಬೇಕು. ‘ಬೂ’, ‘ಅಂಬಾ’ ಎಂಬಂತಹ ಮಗುನುಡಿಗಳೂ ಒಂದೇ ಅರ್ಥದಲ್ಲಿ ಮತ್ತೆ ಮತ್ತೆ ಬಳಕೆಯಾದರೆ ಮಾತುಗಳೇ. ಹೀಗೆ ಎಣಿಸಿದಾಗ ನಮ್ಮ ಹುಡುಗನಿಗೆ ಐದು ಮಾತುಗಳಿವೆ ಎಂದು ತಿಳಿಯಿತು. ಮನೆಯವರು ಎಣಿಸಿದ್ದಕ್ಕಿಂತ ಇದು ಹೆಚ್ಚು. ಆದರೂ ವಯಸ್ಸಿಗೆ ಕಡಿಮೆಯೇ. ಅಂದರೆ ಭಾಷೆಗಳ ಮೇಲೆ ಹೊರೆ ಹೊರಿಸಿ ಸುಮ್ಮನಿರುವಂತಿಲ್ಲ.

ಒಂದು ವಾರದ ಟಿಪ್ಪಣಿ

ತಪಾಸಣೆಗೆ ಮುಂಚೆ ಒಂದು ವಾರ ಮಗುವನ್ನು ಗಮನಿಸಿ, ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬೇಕು. ಯಾವ ಭಾಷೆಯಲ್ಲಿ ಬರೆದರೂ ಸರಿ. ಓದುಬರಹ ಬಾರದವರು ಬಲ್ಲವರಿಂದ ಬರೆಸಬಹುದು. ಗಮನಿಸಬೇಕಾದ ಅಂಶಗಳು ಇವು:

1. ದೇಹದ ಚಲನೆ: ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು ಹೇಗೆ? ತುದಿಗಾಲಿನಲ್ಲಿ ನಡೆಯುತ್ತದೆಯೇ? ಒಂದು ಕಡೆಯ ಕೈಕಾಲು ಮಾತ್ರ ಬಳಸುತ್ತದೆಯೇ?

2. ಕೈಗಳ ಕೆಲಸ: ಮಂಡಕ್ಕಿಯ ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎತ್ತುತ್ತದೆಯೇ? ಲೋಟ ಹಿಡಿಯುತ್ತದೆಯೇ?

3. ಕೇಳುವುದು: ಹಿಂದಿನಿಂದ, ಮಗುವಿಗೆ ಕಾಣದಂತೆ ನಿಂತು ಮೆಲ್ಲಗೆ ಹೆಸರು ಕರೆದರೆ ತಿರುಗುತ್ತದೆಯೇ? ಚಪ್ಪಾಳೆ ತಟ್ಟಿ ನೋಡುವುದು ಸರಿಯಾದ ಕ್ರಮವಲ್ಲ. ಕಿವಿ ಕೇಳದ ಮಗುವೂ ಗಾಳಿಯ ಅಲುಗಾಟ ಅಥವಾ ನೆರಳು ಕಂಡು ತಿರುಗಬಹುದು.

4. ನೋಡುವುದು: ಚಲಿಸುವ ವಸ್ತುವನ್ನು ಎರಡೂ ಕಣ್ಣುಗಳಿಂದ ಹಿಂಬಾಲಿಸುತ್ತದೆಯೇ? ಮೆಳ್ಳೆಗಣ್ಣು ಕಾಣುತ್ತದೆಯೇ?

5. ತಿಳಿಯುವುದು ಮತ್ತು ಮಾತು: ಕೈಸನ್ನೆ ಮಾಡದೆ ‘ಚೆಂಡು ತಾ’ ಎಂದರೆ ತರುತ್ತದೆಯೇ? ಯಾವ ಯಾವ ಮಾತು ಆಡುತ್ತದೆ?

6. ಒಡನಾಟ: ಮುಖ ನೋಡುತ್ತದೆಯೇ? ತನಗೆ ಸೋಜಿಗವೆನಿಸಿದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ? ಬೀಳ್ಕೊಡುವಾಗ ಕೈ ಬೀಸುತ್ತದೆಯೇ?

7. ಊಟ, ನಿದ್ದೆ ಮತ್ತು ಪರದೆ: ದಿನಕ್ಕೆ ಎಷ್ಟು ಹೊತ್ತು ಟಿ.ವಿ. ಅಥವಾ ಮೊಬೈಲ್ ಮುಂದೆ ಇರುತ್ತದೆ? ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ತೋರಿಸುವುದು ಸಲ್ಲದೆಂದೂ, ಎರಡು ತುಂಬಿದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ.

ನಮ್ಮ ಹಿರಿಯರು ಮಗುವಿನ ವಿಕಾಸವನ್ನು ಹಬ್ಬಗಳಿಂದ ನೆನಪಿಡುತ್ತಾರೆ. ‘ಯುಗಾದಿಗೆ ಕೂತಿತ್ತು, ಗೌರಿ ಹಬ್ಬಕ್ಕೆ ಎದ್ದು ನಿಂತಿತ್ತು’ ಎನ್ನುತ್ತಾರೆ. ಇದು ಒಳ್ಳೆಯ ಲೆಕ್ಕವೇ. ಹಳೆಯ ಕ್ಯಾಲೆಂಡರ್ ತೆಗೆದು ಆ ಹಬ್ಬ ಬಂದಾಗ ಮಗುವಿಗೆ ಎಷ್ಟು ತಿಂಗಳಾಗಿತ್ತೆಂದು ಲೆಕ್ಕ ಹಾಕಿ ಬರೆದುಕೊಂಡರೆ ವೈದ್ಯರಿಗೆ ಬೇಕಾದ ಉತ್ತರ ಸಿದ್ಧ. ಮಗು ಆಡುವಾಗ, ಉಣ್ಣುವಾಗ, ನಡೆಯುವಾಗ ಮೊಬೈಲ್‌ನಲ್ಲಿ ತೆಗೆದ ಒಂದೆರಡು ನಿಮಿಷದ ಚಿತ್ರಿಕೆಗಳೂ ಉಪಯುಕ್ತ. ಆಸ್ಪತ್ರೆಯಲ್ಲಿ ಮೌನವಾಗುವ ಮಗುವಿನ ಪರವಾಗಿ ಅವು ಮಾತನಾಡುತ್ತವೆ.

ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ತಿದ್ದಿದ ವಯಸ್ಸನ್ನು ಲೆಕ್ಕಕ್ಕೆ ಹಿಡಿಯಬೇಕು. ಎಂಟು ವಾರ ಮುಂಚೆ ಹುಟ್ಟಿದ ಮಗುವಿಗೆ ಈಗ ಹತ್ತು ತಿಂಗಳಾಗಿದ್ದರೆ, ಅದರಿಂದ ಎಂಟು ತಿಂಗಳ ಮಗುವಿನ ಕೆಲಸಗಳನ್ನಷ್ಟೇ ನಿರೀಕ್ಷಿಸಬೇಕು.

ಜೊತೆಗೆ ಒಯ್ಯಬೇಕಾದುವು

ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡು, ಹೆರಿಗೆಯ ಆಸ್ಪತ್ರೆಯ ಬಿಡುಗಡೆ ಪತ್ರ, ಲಸಿಕೆಯ ದಾಖಲೆ, ಹಿಂದಿನ ಚಿಕಿತ್ಸೆಯ ಚೀಟಿಗಳು ಇವುಗಳನ್ನು ಒಂದೇ ಚೀಲದಲ್ಲಿ ಜೋಡಿಸಿಡಬೇಕು. ಹೆರಿಗೆ ತವರೂರಿನಲ್ಲಿ ಆಗಿ ಕಾಗದಗಳು ಅಲ್ಲಿಯೇ ಉಳಿದಿದ್ದರೆ ಮುಂಚಿತವಾಗಿ ತರಿಸಿಕೊಳ್ಳಬೇಕು. ಮಗುವಿಗೆ ಇಷ್ಟವಾದ ಒಂದು ಆಟಿಕೆ, ತಿಂಡಿ, ನೀರು ಮತ್ತು ಬದಲಿ ಬಟ್ಟೆ ಇರಲಿ.

ವೈದ್ಯರು ಕೇಳುವ ಕೆಲವು ಪ್ರಶ್ನೆಗಳು ಸಂಕೋಚ ತರಬಹುದು. ತಂದೆತಾಯಿಗಳು ರಕ್ತಸಂಬಂಧಿಗಳೇ, ಸೋದರಮಾವನನ್ನು ಅಥವಾ ಅತ್ತೆಯ ಮಗನನ್ನು ಮದುವೆಯಾದವರೇ ಎಂದು ಕೇಳುವುದುಂಟು. ಕೆಲವು ಆನುವಂಶಿಕ ರೋಗಗಳೂ ಶ್ರವಣದೋಷಗಳೂ ಇಂತಹ ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುವುದರಿಂದ ಈ ಪ್ರಶ್ನೆ. ಇದು ಯಾರನ್ನೂ ದೂಷಿಸಲು ಅಲ್ಲ. ಗರ್ಭಪಾತಗಳು, ಗರ್ಭಿಣಿಯಾಗಿದ್ದಾಗಿನ ಕಾಯಿಲೆಗಳು, ಮನೆತನದಲ್ಲಿ ಮಾತು ಬಾರದವರು ಅಥವಾ ಫಿಟ್ಸ್ ಇರುವವರು ಇದ್ದಲ್ಲಿ ಮುಚ್ಚಿಡದೆ ಹೇಳಬೇಕು. ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಸವರುವುದು, ಕಿವಿಗೆ ಎಣ್ಣೆ ಬಿಡುವುದು ಮುಂತಾದ ಮನೆಮದ್ದುಗಳನ್ನು ಮಾಡಿದ್ದರೆ ಅದನ್ನೂ ತಿಳಿಸಬೇಕು. ಕಿವಿ ಸೋರುವಾಗ ಎಣ್ಣೆ ಬಿಡುವುದು ಅಪಾಯಕರ.

ತಪಾಸಣೆಯ ದಿನ

ಮಗು ಎಚ್ಚರವಾಗಿ, ಹೊಟ್ಟೆ ತುಂಬಿ, ಗೆಲುವಾಗಿರುವ ಸಮಯವನ್ನೇ ಕೇಳಿ ಪಡೆಯುವುದು ಲೇಸು. ರಾತ್ರಿ ಪಾಳಿ ಮುಗಿಸಿ ಬಂದ ತಂದೆಯ ಅನುಕೂಲಕ್ಕಾಗಿ ಮಗುವಿನ ನಿದ್ದೆಯ ಹೊತ್ತಿನಲ್ಲಿ ಹೋದರೆ ಫಲವಿಲ್ಲ. ಜ್ವರ, ನೆಗಡಿ ಇದ್ದರೆ ದಿನವನ್ನು ಮುಂದೂಡಬಹುದು. ಆದರೆ ಬೇರೆ ದಿನವನ್ನು ಆಗಲೇ ಗೊತ್ತುಮಾಡಿಕೊಳ್ಳಬೇಕು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಜೊತೆಗೆ ಬರುವುದು ಒಳಿತು. ಬರಲಾಗದಿದ್ದರೆ ಅವರನ್ನು ವಿಚಾರಿಸಿ ಬರೆದುಕೊಳ್ಳಬೇಕು.

ವೈದ್ಯರ ಭಾಷೆ ತಮಗೆ ಬಾರದಿದ್ದರೆ ಎರಡೂ ಭಾಷೆ ಬಲ್ಲ ಹಿರಿಯರೊಬ್ಬರನ್ನು ಕರೆದೊಯ್ಯಬೇಕು. ಮಗುವಿನ ಅಣ್ಣ ಅಕ್ಕಂದಿರ ಮೇಲೆ ಈ ಭಾರ ಹೊರಿಸಬಾರದು. ತಾಯಿ ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳುವಂತೆ ಅವರಿಗೆ ಮೊದಲೇ ತಿಳಿಸಬೇಕು. ‘ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ’ ಎಂಬುದನ್ನು ಆರಂಭದಲ್ಲಿಯೇ ವೈದ್ಯರಿಗೆ ಹೇಳಬೇಕು. ‘ಚೆಂಡು ಕೊಡು’ ಎಂಬ ಮಾತನ್ನು ಮಗುವಿಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದ ಮೇಲೆಯೇ ಅದಕ್ಕೆ ತಿಳಿಯಿತೋ ಇಲ್ಲವೋ ಎಂದು ನಿರ್ಧರಿಸಲು ಸಾಧ್ಯ.

ಕೊಠಡಿಯೊಳಗೆ ನಡೆಯುವುದೇನು?

ವೈದ್ಯರು ಮೊದಲು ವಿಚಾರಿಸುತ್ತಾರೆ. ಬಳಿಕ ತೂಕ, ಉದ್ದ ಮತ್ತು ತಲೆಯ ಸುತ್ತಳತೆ ನೋಡುತ್ತಾರೆ. ಗಿಲಕಿ, ಬಣ್ಣದ ಚೌಕಗಳು, ಲೋಟ, ಚಿತ್ರದ ಪುಸ್ತಕ ಮುಂತಾದವನ್ನು ಕೊಟ್ಟು ಮಗು ಏನು ಮಾಡುತ್ತದೆಂದು ಗಮನಿಸುತ್ತಾರೆ. ಸೂಜಿ ಚುಚ್ಚುವ ಕೆಲಸ ಇದರಲ್ಲಿಲ್ಲ.

ಹೀಗೆ ನೋಡಲು ನಮ್ಮ ದೇಶದ ಮಕ್ಕಳಿಗೆಂದೇ ರೂಪಿಸಿದ ಅಳತೆಗೋಲುಗಳಿವೆ. ಕೇರಳದಲ್ಲಿ ಸಿದ್ಧಪಡಿಸಿ 1991ರಲ್ಲಿ ಪ್ರಕಟಿಸಿದ ತಿರುವನಂತಪುರ ವಿಕಾಸ ತಪಾಸಣಾ ಪಟ್ಟಿಯಲ್ಲಿ ಎರಡು ವರ್ಷದವರೆಗಿನ ಮಕ್ಕಳಿಗಾಗಿ 17 ಅಂಶಗಳಿವೆ. ಕೆಲವೇ ನಿಮಿಷಗಳಲ್ಲಿ ಇದು ಮುಗಿಯುತ್ತದೆ. ಹೆಚ್ಚಿನ ವಿವರ ಬೇಕಾದಾಗ ಬಳಸುವ, ಬರೋಡಾದಲ್ಲಿ ಪ್ರಮೀಳಾ ಫಾಟಕ್ ಅವರ ಕೆಲಸದಿಂದ ರೂಪುಗೊಂಡ ಭಾರತೀಯ ಶಿಶುಗಳ ವಿಕಾಸ ಮಾಪನದಲ್ಲಿ ಚಲನೆಗೆ ಸಂಬಂಧಿಸಿದ 67 ಮತ್ತು ಮಾನಸಿಕ ವಿಕಾಸಕ್ಕೆ ಸಂಬಂಧಿಸಿದ 163 ಅಂಶಗಳಿವೆ. ಮೊದಲನೆಯದು ಜರಡಿ ಹಿಡಿದಂತೆ, ಎರಡನೆಯದು ಕೂಲಂಕಷ ಪರೀಕ್ಷೆ. ಜರಡಿಯಲ್ಲಿ ಸಿಕ್ಕಿದ ಮಾತ್ರಕ್ಕೆ ಮಗುವಿಗೆ ದೋಷವಿದೆ ಎಂದಲ್ಲ. ಇನ್ನಷ್ಟು ನೋಡಬೇಕು ಎಂದಷ್ಟೇ ಅರ್ಥ.

ಈ ಸಮಯದಲ್ಲಿ ತಂದೆತಾಯಿಗಳು ಮಗುವಿಗೆ ಉತ್ತರ ಹೇಳಿಕೊಡಬಾರದು. ‘ಮನೆಯಲ್ಲಿ ಮಾಡ್ತೀಯಲ್ಲ, ಮಾಡು’ ಎಂದು ಗದರಿಸಬಾರದು. ಇದು ಪಾಸು, ಫೇಲಿನ ಪರೀಕ್ಷೆಯಲ್ಲ. ಮಗು ಮಾಡಲಾರದ್ದನ್ನು ಮಾಡುತ್ತದೆಂದು ಹೇಳುವುದರಿಂದ ಮನೆಯ ಗೌರವ ಉಳಿಯಬಹುದು, ಆದರೆ ಮಗುವಿಗೆ ದೊರೆಯಬೇಕಾದ ನೆರವು ತಪ್ಪಿಹೋಗುತ್ತದೆ.

ಕಾಯಬಾರದ ಲಕ್ಷಣಗಳು

ಕೆಳಗಿನ ಲಕ್ಷಣಗಳು ಕಂಡರೆ ಗೊತ್ತಾದ ತಪಾಸಣೆಯ ದಿನಕ್ಕಾಗಿ ಕಾಯದೆ ಬೇಗನೆ ವೈದ್ಯರನ್ನು ಕಾಣಬೇಕು:

ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು. ಐದು ತಿಂಗಳಾದರೂ ಕತ್ತು ನಿಲ್ಲದಿರುವುದು. ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕುಳಿತುಕೊಳ್ಳದಿರುವುದು. ಒಂದು ವರ್ಷವಾದರೂ ತೊದಲು ನುಡಿ, ಕೈಸನ್ನೆ ಇಲ್ಲದಿರುವುದು. ಹದಿನಾರು ತಿಂಗಳಾದರೂ ಅರ್ಥವುಳ್ಳ ಒಂದು ಮಾತೂ ಬಾರದಿರುವುದು. ಹದಿನೆಂಟು ತಿಂಗಳಾದರೂ ನಡೆಯದಿರುವುದು. ಎರಡು ವರ್ಷವಾದರೂ ಎರಡು ಮಾತು ಕೂಡಿಸಿ ಹೇಳದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಬಂದಿದ್ದ ಮಾತು ಅಥವಾ ಕೆಲಸ ಯಾವ ವಯಸ್ಸಿನಲ್ಲಿಯೇ ಆಗಲಿ ಕಳೆದುಹೋದರೆ ತಡಮಾಡಲೇಬಾರದು.

ತಪಾಸಣೆಯ ಬಳಿಕ

ಫಲಿತಾಂಶ ಮೂರು ಬಗೆಯದಾಗಿರಬಹುದು. ವಿಕಾಸ ಸರಿಯಾಗಿದೆ ಎಂಬುದು ಒಂದು. ಕೆಲವು ವಾರಗಳ ಬಳಿಕ ಮತ್ತೆ ನೋಡೋಣ ಎಂಬುದು ಎರಡನೆಯದು. ಬೇರೆ ತಜ್ಞರ ಪರೀಕ್ಷೆ ಬೇಕು ಎಂಬುದು ಮೂರನೆಯದು. ಯಾವುದೇ ಆದರೂ ಕೊಠಡಿಯಿಂದ ಹೊರಬರುವ ಮುಂಚೆ ನಾಲ್ಕು ಪ್ರಶ್ನೆ ಕೇಳಬೇಕು: ಮಗು ಯಾವುದರಲ್ಲಿ ಹಿಂದಿದೆ? ಮುಂದೆ ಯಾವ ಪರೀಕ್ಷೆ, ಎಲ್ಲಿ? ಮನೆಯಲ್ಲಿ ನಾವು ಏನು ಮಾಡಬೇಕು? ಮತ್ತೆ ಯಾವ ದಿನ ಬರಬೇಕು? ಉತ್ತರಗಳನ್ನು ಬರೆದುಕೊಳ್ಳಬೇಕು.

ಮಾತು ತಡವಾದ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆ ಅಗತ್ಯ. ನವಜಾತ ಶಿಶುವಿನ ಶ್ರವಣವನ್ನು ಒಂದು ತಿಂಗಳೊಳಗೆ ತಪಾಸಣೆ ಮಾಡಿ, ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ನೆರವು ಆರಂಭಿಸಬೇಕೆಂಬುದು ತಜ್ಞರ ಮತ. ಆ ಅವಕಾಶ ತಪ್ಪಿದ್ದರೆ ಇಂದೇ ಮಾಡಿಸುವುದು ಮುಂದಿನ ಉತ್ತಮ ಮಾರ್ಗ.

ಸರ್ಕಾರದ ಸೌಲಭ್ಯಗಳು

ಈ ಸೇವೆ ಹಣವುಳ್ಳವರಿಗೆ ಮಾತ್ರ ಎಂದು ತಿಳಿಯಬಾರದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಸೇವೆಗಳು ಆರಂಭವಾದಾಗ ಕರ್ನಾಟಕದ ತಿ. ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಅಲ್ಲಿಂದ ಬೆಳೆದ ಅಂಗನವಾಡಿಯೇ ಇಂದಿಗೂ ಮಗುವಿನ ತಪಾಸಣೆಯ ಮೊದಲ ಮೆಟ್ಟಿಲು. ಬೇರೆ ರಾಜ್ಯದಿಂದ ಬಂದ ಕುಟುಂಬಗಳೂ ತಾವು ನೆಲೆಸಿದ ಪ್ರದೇಶದ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಬೇಕು. 2018ರಿಂದ ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮನೆಗೆ ಭೇಟಿ ನೀಡುವ ಕಾರ್ಯಕ್ರಮವೂ ಇದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಉದ್ಘಾಟನೆಗೊಂಡಿತು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಜನ್ಮಜಾತ ದೋಷ, ರೋಗ, ಪೌಷ್ಟಿಕ ಕೊರತೆ ಮತ್ತು ವಿಕಾಸದ ವಿಳಂಬವನ್ನು ಬೇಗನೆ ಗುರುತಿಸುವುದು ಇದರ ಗುರಿ. ಈ ಕಾರ್ಯಕ್ರಮದಂತೆ ಸಂಚಾರಿ ವೈದ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ನೀಡಬೇಕು. ಹೆಚ್ಚಿನ ಪರೀಕ್ಷೆ ಬೇಕಾದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಸೇವೆ ಉಚಿತ. ಕೇಂದ್ರದ ವಿಳಾಸವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಶ್ರವಣ ಮತ್ತು ಮಾತಿನ ತೊಂದರೆಗಳಿಗೆ ಮುಂಬಯಿಯಲ್ಲಿ 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ, ಕನ್ನಡದಲ್ಲಿಯೇ ತರಬೇತಿ ಬಯಸುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇವೆ. ಅಂಗವೈಕಲ್ಯವೆಂದು ಖಚಿತವಾದಲ್ಲಿ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುವ 2016ರ ಕಾಯಿದೆಯ ಅನ್ವಯ ಪ್ರಮಾಣಪತ್ರ ಪಡೆಯುವ ಹಕ್ಕು ಮಗುವಿಗಿದೆ.

ಮುಕ್ತಾಯ

ಅಂಬಡ್‌ನ ಆ ಮನೆಗೆ ಮರಳೋಣ. ತಾಯಿಯ ಪುಸ್ತಕದಲ್ಲಿ ಒಂದು ವಾರದ ಟಿಪ್ಪಣಿಯಿತ್ತು: ಎದುರಿಗೆ ನಿಂತು ಕರೆದರೆ ಬರುತ್ತಾನೆ, ಹಿಂದಿನಿಂದ ಕರೆದಾಗ ಆರು ಸಲಕ್ಕೆ ಒಂದು ಸಲ ತಿರುಗಿದ, ಟಿ.ವಿ.ಗೆ ತೀರ ಹತ್ತಿರ ಕೂರುತ್ತಾನೆ. ಮಳೆಗಾಲದಲ್ಲಿ ಎರಡು ಸಲ ಕಿವಿ ಸೋರಿತ್ತು. ಈ ನಾಲ್ಕು ಸಾಲು ಓದಿದ ವೈದ್ಯರು ಮೊದಲು ಕಿವಿಯನ್ನು ಪರೀಕ್ಷಿಸಿ ಶ್ರವಣ ಪರೀಕ್ಷೆಗೆ ಬರೆದುಕೊಟ್ಟರು. ಮಧ್ಯಕಿವಿಯಲ್ಲಿ ದ್ರವ ನಿಂತು ಮಗುವಿಗೆ ಮಾತುಗಳು ಮಂದವಾಗಿ ಕೇಳಿಸುತ್ತಿದ್ದವು. ಚಿಕಿತ್ಸೆಯಿರುವ ತೊಂದರೆ ಅದು. ಕನ್ನಡ ಬಿಟ್ಟಿದ್ದರೆ ಅವನಿಗೆ ಮಂದವಾಗಿ ಕೇಳಿಸುತ್ತಿದ್ದ ಮಾತುಗಳ ಭಾಷೆ ಬದಲಾಗುತ್ತಿತ್ತೇ ಹೊರತು ಕಿವಿ ಗುಣವಾಗುತ್ತಿರಲಿಲ್ಲ.

ಎಲ್ಲ ಮಕ್ಕಳ ವಿಷಯದಲ್ಲಿಯೂ ಕಾರಣ ಇಷ್ಟು ಸುಲಭವಾಗಿ ಸಿಗಲಾರದು. ಕೆಲವು ಮಕ್ಕಳಿಗೆ ವರ್ಷಗಟ್ಟಲೆ ತರಬೇತಿ ಬೇಕಾಗಬಹುದು. ಆದರೆ ಎಲ್ಲದಕ್ಕೂ ಮೊದಲ ಹೆಜ್ಜೆ ಒಂದೇ. ಮಗುವನ್ನು ಬೇರೆ ಮಕ್ಕಳೊಂದಿಗೆ ಹೋಲಿಸದೆ ಗಮನಿಸಬೇಕು, ಕಂಡದ್ದನ್ನು ಕಂಡಂತೆ ಬರೆದಿಡಬೇಕು, ಸಕಾಲದಲ್ಲಿ ವೈದ್ಯರಿಗೆ ತಿಳಿಸಬೇಕು. ಇದಕ್ಕೆ ಬೇಕಾದುದು ಒಂದು ಪುಸ್ತಕ, ಒಂದು ಪೆನ್ಸಿಲು ಮತ್ತು ಒಂದು ವಾರದ ತಾಳ್ಮೆ.